ಅರಿಶಿನದ ಮುಲಾಮನ್ನು ಚರ್ಮದ ಉರಿಯೂತದ ಮೇಲೆ ಪರೀಕ್ಷಿಸುವ ಕ್ರಮ: ಪ್ರಾಣಿ ಪ್ರಯೋಗಕ್ಕೆ ಒಂದು ಕೈಪಿಡಿ

ಗಾಯಕ್ಕೆ, ತುರಿಕೆಗೆ, ಕೆಚ್ಚಲಬಾವಿಗೆ ಅರಿಶಿನ ಹಚ್ಚುವುದು ನಮ್ಮ ಮನೆಗಳಲ್ಲಿಯೂ ಕೊಟ್ಟಿಗೆಗಳಲ್ಲಿಯೂ ತಲೆಮಾರುಗಳಿಂದ ನಡೆದುಬಂದ ರೂಢಿ. ಹಚ್ಚಿದ ಮೇಲೆ ಊತ ಇಳಿದದ್ದನ್ನು ಕಣ್ಣಾರೆ ಕಂಡವರು ಅದನ್ನು ನಂಬುವುದು ಸಹಜ. ಆದರೆ ಹಾಗೆ ಇಳಿದ ಊತದಲ್ಲಿ ದೇಹವೇ ವಾಸಿಮಾಡಿಕೊಂಡ ಪಾಲೆಷ್ಟು, ಅರಿಶಿನವನ್ನು ಕಲಸಿದ ಕೊಬ್ಬರಿ ಎಣ್ಣೆ ಅಥವಾ ತುಪ್ಪದ ಪಾಲೆಷ್ಟು, ಅರಿಶಿನದ್ದೇ ಪಾಲೆಷ್ಟು ಎಂಬುದು ಹಚ್ಚಿ ನೋಡಿದ ಮಾತ್ರಕ್ಕೆ ತಿಳಿಯುವುದಿಲ್ಲ. ಈ ಮೂರು ಪಾಲುಗಳು ಬೇರೆ ಬೇರೆಯಾಗಿ ಕಾಣುವಂತೆ ಏರ್ಪಾಡು ಮಾಡುವುದೇ ಪರೀಕ್ಷೆಯ ಕೆಲಸ. ಔಷಧ ವಿಜ್ಞಾನ ಮತ್ತು ಪಶುವೈದ್ಯಕೀಯ ಸ್ನಾತಕೋತ್ತರ ವಿದ್ಯಾರ್ಥಿಗಳು ಇಂಥ ಪ್ರಬಂಧಕ್ಕೆ ಕೈಹಾಕುವಾಗ ಯಾವ ಹೆಜ್ಜೆಯಲ್ಲಿ ಏನನ್ನು ಗಮನಿಸಬೇಕೆಂಬುದನ್ನು, ಅರಿಶಿನವನ್ನೇ ಉದಾಹರಣೆಯಾಗಿಟ್ಟುಕೊಂಡು, ಇಲ್ಲಿ ವಿವರಿಸಿದ್ದೇನೆ. ಬೇವು, ಹೊಂಗೆ, ಲೋಳೆಸರ ಮೊದಲಾದವಕ್ಕೂ ಕ್ರಮ ಬಹುಮಟ್ಟಿಗೆ ಇದೇ ಆಗಿದ್ದರೂ ಅರಿಶಿನಕ್ಕೆ ಅದರ ಬಣ್ಣದಿಂದಾಗಿ ಕೆಲವು ವಿಶೇಷ ತೊಡಕುಗಳಿವೆ.

ಹಳೆಯ ಬಳಕೆಯೇ ಸಾಕ್ಷಿಯಲ್ಲವೇ ಎಂದು ಕೇಳುವವರಿದ್ದಾರೆ. 1995ರಲ್ಲಿ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ, ಗಾಯ ಮಾಯಿಸಲು ಅರಿಶಿನ ಬಳಸುವ ವಿಧಾನದ ಮೇಲೆ ಪೇಟೆಂಟ್ ದೊರೆತಾಗ, ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ (ಸಿಎಸ್‌ಐಆರ್) ಅದನ್ನು ಪ್ರಶ್ನಿಸಿ, ಈ ಬಳಕೆ ನಮ್ಮಲ್ಲಿ ಬಹು ಹಿಂದಿನಿಂದಲೂ ಇದೆಯೆಂಬುದಕ್ಕೆ ದಾಖಲೆಗಳನ್ನು ಒದಗಿಸಿ, 1997ರಲ್ಲಿ ಪೇಟೆಂಟನ್ನು ರದ್ದುಮಾಡಿಸಿತು. ಆ ದಾಖಲೆಗಳು ಸಾಧಿಸಿದ್ದು ಬಳಕೆಯ ಪ್ರಾಚೀನತೆಯನ್ನು. ಯಾವ ಪ್ರಮಾಣದಲ್ಲಿ, ಯಾವ ಬಗೆಯ ಉರಿಯೂತದಲ್ಲಿ, ಎಷ್ಟರಮಟ್ಟಿಗೆ ಗುಣ ಕಾಣುತ್ತದೆ ಎಂಬ ಪ್ರಶ್ನೆ ಅಲ್ಲಿ ಎದ್ದಿರಲಿಲ್ಲ; ಅದಕ್ಕೆ ಅಳತೆಯೇ ಉತ್ತರ ಹೇಳಬೇಕು.

ಮೊದಲು ಅನುಮತಿ

ಪ್ರಾಣಿಯನ್ನು ಮುಟ್ಟುವ ಮೊದಲು ಆ ಪ್ರಯೋಗ ಬೇಕೇ ಎಂಬುದನ್ನು ತೀರ್ಮಾನಿಸಬೇಕು. ತಯಾರಿಸುತ್ತಿರುವುದು ಔಷಧವಲ್ಲದೆ ಸೌಂದರ್ಯವರ್ಧಕವಾಗಿದ್ದರೆ ಮುಂದಿನದನ್ನು ಓದುವ ಅಗತ್ಯವಿಲ್ಲ, ಏಕೆಂದರೆ ಭಾರತದಲ್ಲಿ ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು 2014ರಲ್ಲೇ ನಿಷೇಧಿಸಲಾಗಿದೆ. ಔಷಧವಾಗಿದ್ದರೂ ಜೀವಕೋಶಗಳ ಮೇಲಿನ ಪರೀಕ್ಷೆ, ಕೃತಕವಾಗಿ ಬೆಳೆಸಿದ ಮಾನವ ಹೊರಚರ್ಮದ ಮೇಲಿನ ಪರೀಕ್ಷೆ ಇವುಗಳಿಂದ ತಿಳಿಯಬಹುದಾದದ್ದನ್ನು ಮೊದಲು ತಿಳಿದುಕೊಳ್ಳಬೇಕು. 1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬ ವಿಜ್ಞಾನಿಗಳು ಮುಂದಿಟ್ಟ ಮೂರು ಸೂತ್ರಗಳು, ಅಂದರೆ ಸಾಧ್ಯವಿರುವಲ್ಲಿ ಪ್ರಾಣಿಯ ಬದಲಿಗೆ ಬೇರೆ ಮಾರ್ಗ ಹಿಡಿಯುವುದು, ಅನಿವಾರ್ಯವಾದಲ್ಲಿ ಸಂಖ್ಯೆಯನ್ನು ತಗ್ಗಿಸುವುದು, ಬಳಸುವ ಪ್ರಾಣಿಯ ನೋವನ್ನು ಕಡಿಮೆಮಾಡುವುದು, ಇಂದಿಗೂ ಎಲ್ಲ ನೀತಿ ಸಮಿತಿಗಳ ಅಳತೆಗೋಲು.

ನಮ್ಮಲ್ಲಿ ಇದಕ್ಕೆ ಕಾನೂನಿನ ಚೌಕಟ್ಟನ್ನು ಒದಗಿಸಿರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಮತ್ತು ಅದರಡಿ 1998ರಲ್ಲಿ ಬಂದ ನಿಯಮಗಳು. ಮೇಲ್ವಿಚಾರಣೆಯ ಸಮಿತಿಯನ್ನು ಹಿಂದೆ ಸಿಪಿಸಿಎಸ್‌ಇಎ ಎನ್ನುತ್ತಿದ್ದರು, ಈಗ ಸಿಸಿಎಸ್‌ಇಎ ಎನ್ನುತ್ತಾರೆ. ಇಲಿ, ಮೊಲದಂಥ ಸಣ್ಣ ಪ್ರಾಣಿಗಳಾದರೆ ಕಾಲೇಜಿನ ಸಾಂಸ್ಥಿಕ ಪ್ರಾಣಿ ನೀತಿ ಸಮಿತಿಯೇ ಅನುಮತಿ ನೀಡಬಹುದು. ನಾಯಿ, ದನದಂಥ ದೊಡ್ಡ ಪ್ರಾಣಿಗಳನ್ನು ಪ್ರಯೋಗಕ್ಕೆ ತರುವುದಾದರೆ ಅರ್ಜಿ ಕೇಂದ್ರ ಸಮಿತಿಗೆ ಹೋಗುತ್ತದೆ. ಅರ್ಜಿಯ ನಮೂನೆ ಬಿಯಲ್ಲಿ ಗುಂಪಿಗೆ ಎಷ್ಟು ಪ್ರಾಣಿಗಳು, ಏಕೆ ಅಷ್ಟೇ ಎಂಬುದಕ್ಕೆ ಸಮರ್ಥನೆ ಬರೆಯಬೇಕಾಗುತ್ತದೆ. ಇದನ್ನು ವಿದ್ಯಾರ್ಥಿಗಳು ಸಾಮಾನ್ಯವಾಗಿ ಕಾಟಾಚಾರಕ್ಕೆ ತುಂಬಿ, ಗುಂಪಿಗೆ ಆರು ಎಂದು ಬರೆದುಬಿಡುತ್ತಾರೆ. ಆರು ಏಕೆಂದು ಕೇಳಿದರೆ ಹಿಂದಿನ ಪ್ರಬಂಧದಲ್ಲಿ ಆರಿತ್ತು ಎನ್ನುವುದಷ್ಟೇ ಉತ್ತರ. ಈ ಸಂಖ್ಯೆಯನ್ನು ಲೆಕ್ಕಹಾಕುವ ಬಗೆಯನ್ನು ಮುಂದೆ ಹೇಳುತ್ತೇನೆ.

ಮುಲಾಮಿನೊಳಗೆ ಏನಿದೆ ಎಂಬುದು

ಅಂಗಡಿಯ ಅರಿಶಿನದ ಪುಡಿಯನ್ನು ತಂದು ಎಣ್ಣೆಗೆ ಕಲಸಿ ಪರೀಕ್ಷೆಗೆ ಹೊರಟರೆ ಪರೀಕ್ಷೆ ಅರಿಶಿನದ್ದಾಗುತ್ತದೆಯೇ ಎಂಬುದೇ ಸಂಶಯ. ಬಣ್ಣ ಕಟ್ಟಿ ಕಾಣಲೆಂದು ಅರಿಶಿನಕ್ಕೆ ಮೆಟಾನಿಲ್ ಯೆಲ್ಲೋ ಎಂಬ ಕೃತಕ ಬಣ್ಣವನ್ನೂ ಸೀಸದ ಕ್ರೋಮೇಟನ್ನೂ ಬೆರೆಸುವ ದುಷ್ಟ ಪದ್ಧತಿ ದೇಶದಲ್ಲಿದೆ. ಕ್ರೋಮೇಟ್ ಸ್ವತಃ ಚರ್ಮಕ್ಕೆ ಅಲರ್ಜಿ ತರುವ ವಸ್ತು. ಅಂಥ ಪುಡಿಯನ್ನು ಹಚ್ಚಿದ ಪ್ರಾಣಿಯ ಚರ್ಮ ಕೆಂಪಾದರೆ ತಪ್ಪು ಅರಿಶಿನದ ತಲೆಗೆ ಬರುತ್ತದೆ. ಆದ್ದರಿಂದ ಗಡ್ಡೆಯನ್ನೇ ಬೆಳೆಗಾರರಿಂದ ತರಬೇಕು. ಚಾಮರಾಜನಗರದಂಥ ಅರಿಶಿನ ಬೆಳೆಯುವ ಜಿಲ್ಲೆಗಳಲ್ಲಿ ಇದು ಕಷ್ಟವೇನಲ್ಲ. ಯಾವ ಊರು, ಯಾವ ತಳಿ, ಯಾವ ತಿಂಗಳ ಕೊಯ್ಲು, ಬೇಯಿಸಿ ಒಣಗಿಸಿದ್ದೇ ಹಸಿಯದೇ ಎಂಬುದನ್ನೆಲ್ಲ ಬರೆದಿಟ್ಟು, ಎಲೆ, ಹೂ, ಗಡ್ಡೆ ಇರುವ ಒಂದು ಮಾದರಿಯನ್ನು ಸಸ್ಯಶಾಸ್ತ್ರಜ್ಞರಿಂದ ಗುರುತು ಮಾಡಿಸಿ, ಸಸ್ಯ ಸಂಗ್ರಹಾಲಯದಲ್ಲಿ ಸಂಖ್ಯೆ ಪಡೆದು ಇರಿಸಬೇಕು.

ಅರಿಶಿನದ ಹಳದಿಗೆ ಕಾರಣವಾದ ಕರ್ಕ್ಯುಮಿನ್ ಮತ್ತು ಅದರ ಎರಡು ಸಹೋದರ ಸಂಯುಕ್ತಗಳ ಪ್ರಮಾಣ ತಳಿಯಿಂದ ತಳಿಗೆ, ನೆಲದಿಂದ ನೆಲಕ್ಕೆ ಬದಲಾಗುತ್ತದೆ. ಗಡ್ಡೆಯಿಂದ ತೆಗೆದ ಪ್ರತಿ ಕಂತಿನ ಸಾರದಲ್ಲಿಯೂ ಇವುಗಳ ಪ್ರಮಾಣವನ್ನು, ಮಿಶ್ರಣದ ಸಂಯುಕ್ತಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದಿಂದ ಅಳೆಸದೆ ಶೇ 5ರ ಮುಲಾಮು ಎಂದು ಬರೆದರೆ ಆ ಐದಕ್ಕೆ ಅರ್ಥವಿರುವುದಿಲ್ಲ. ಕರ್ಕ್ಯುಮಿನ್ ಬೆಳಕಿಗೆ ಕೆಡುತ್ತದೆ, ಕ್ಷಾರದಲ್ಲಿ ಇನ್ನೂ ಬೇಗ ಕೆಡುತ್ತದೆ. ಹೀಗಾಗಿ ಮುಲಾಮನ್ನು ಕಂದು ಬಣ್ಣದ ಗಾಜಿನ ಡಬ್ಬಿಯಲ್ಲಿ ತಂಪಾದ ಜಾಗದಲ್ಲಿಟ್ಟು, ಪ್ರಯೋಗದ ಮೊದಲ ದಿನ ಹಾಗೂ ಕೊನೆಯ ದಿನ ಎರಡು ಸಲ ಅಳೆಸುವುದು ಒಳ್ಳೆಯದು.

ಮಾರುಕಟ್ಟೆಯಲ್ಲಿ ಸಿದ್ಧವಾಗಿ ಸಿಗುವ ಗಿಡಮೂಲಿಕೆ ಮುಲಾಮನ್ನು ಪರೀಕ್ಷಿಸುವವರಿಗೆ ಬೇರೆಯದೇ ಎಚ್ಚರಿಕೆ ಬೇಕು. ಗಿಡಮೂಲಿಕೆಯೆಂದು ಮಾರುವ ಕೆಲವು ಕ್ರೀಮುಗಳಲ್ಲಿ ಚೀಟಿಯಲ್ಲಿ ಹೇಳದ, ಉರಿಯೂತವನ್ನು ಬೇಗ ಅಡಗಿಸುವ ಸ್ಟಿರಾಯ್ಡ್ ಔಷಧ ಇರುವುದು ಹಲವು ದೇಶಗಳಲ್ಲಿ ಪತ್ತೆಯಾಗಿದೆ. ಎರಡೇ ದಿನದಲ್ಲಿ ಮಾಯಮಾಡುವ ಮುಲಾಮನ್ನು ಮೊದಲು ಸ್ಟಿರಾಯ್ಡ್ ಪರೀಕ್ಷೆಗೆ ಕಳಿಸಿ, ಆಮೇಲೆ ಪ್ರಾಣಿಯ ಬಳಿ ತರಬೇಕು.

ಚರ್ಮಕ್ಕೆ ಕೇಡಿಲ್ಲವೆಂಬುದನ್ನು ನೋಡುವುದು

ಗುಣ ಪರೀಕ್ಷೆಗೆ ಮುಂಚೆ ನಿರಪಾಯ ಪರೀಕ್ಷೆ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿಯ ಅಂತರರಾಷ್ಟ್ರೀಯ ಸಂಸ್ಥೆಯಾದ ಓಇಸಿಡಿಯ 404ನೆಯ ಮಾರ್ಗಸೂಚಿಯ ಪ್ರಕಾರ ಮೊಲದ ಬೆನ್ನಿನ ಕೂದಲು ತೆಗೆದ ಸುಮಾರು 6 ಚದರ ಸೆಂಟಿಮೀಟರ್ ಜಾಗಕ್ಕೆ 0.5 ಗ್ರಾಂ ಅಥವಾ 0.5 ಮಿಲಿಲೀಟರ್ ವಸ್ತುವನ್ನು ಹಚ್ಚಿ, 4 ಗಂಟೆ ಬಿಟ್ಟು ತೆಗೆದು, 1, 24, 48 ಮತ್ತು 72 ಗಂಟೆಗಳಲ್ಲಿ ಕೆಂಪು ಹಾಗೂ ಊತಕ್ಕೆ 0ಯಿಂದ 4ರವರೆಗೆ ಅಂಕ ಕೊಡುತ್ತಾರೆ. ಆದರೆ ಅದೇ ಮಾರ್ಗಸೂಚಿ ಒಂದು ಮಾತನ್ನು ಒತ್ತಿ ಹೇಳುತ್ತದೆ: ಲಭ್ಯವಿರುವ ಮಾಹಿತಿಯನ್ನೆಲ್ಲ ಪರಿಶೀಲಿಸಿ, ಪ್ರಾಣಿಯಿಲ್ಲದ ಪರೀಕ್ಷೆಗಳನ್ನು ಮುಗಿಸಿ, ಕೊನೆಗೂ ಅಗತ್ಯವೆನಿಸಿದರೆ ಮಾತ್ರ ಮೊಲದ ಬಳಿ ಬರಬೇಕು, ಅದೂ ಮೊದಲು ಒಂದೇ ಮೊಲ. ಆಮ್ಲ, ಕ್ಷಾರ ಗುಣದ ಅಳತೆಯಾದ ಪಿಎಚ್ 2 ಅಥವಾ ಅದಕ್ಕಿಂತ ಕಡಿಮೆಯಿದ್ದರೆ, 11.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಆ ವಸ್ತು ಚರ್ಮವನ್ನು ಸುಡುವ ಸಂಭವವಿದೆಯೆಂದು ಭಾವಿಸಿ ಪ್ರಾಣಿ ಪರೀಕ್ಷೆಯನ್ನು ಕೈಬಿಡಬೇಕು.

ಪಿಎಚ್ ವಿಷಯ ನಮ್ಮವರಿಗೆ ವಿಶೇಷವಾಗಿ ಮುಖ್ಯ, ಏಕೆಂದರೆ ಕೊಟ್ಟಿಗೆಯ ಲೇಪಗಳಲ್ಲಿ ಸುಣ್ಣ ಸೇರುತ್ತದೆ. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಕೆಚ್ಚಲಬಾವಿಗೆ ಪ್ರಚಾರ ಮಾಡಿರುವ ಲೇಪದಲ್ಲಿ 250 ಗ್ರಾಂ ಲೋಳೆಸರ, 50 ಗ್ರಾಂ ಅರಿಶಿನ ಪುಡಿ, 15 ಗ್ರಾಂ ಸುಣ್ಣ ಇರುತ್ತವೆ. ಅರೆದಾಗ ಅದು ಕೆಂಪಾಗುತ್ತದೆ. ಅರಿಶಿನ ಸುಣ್ಣ ಕದಡಿದ ಆರತಿಯ ನೀರು ಕೆಂಪಾಗುವುದೂ ಇದೇ ಕಾರಣದಿಂದ, ಕ್ಷಾರದಲ್ಲಿ ಕರ್ಕ್ಯುಮಿನ್ ತನ್ನ ಬಣ್ಣವನ್ನು ಬದಲಿಸುತ್ತದೆ. ಇಂಥ ಲೇಪವನ್ನು ಪರೀಕ್ಷಿಸುವವರು ಅರೆದ ಕೂಡಲೇ ಒಮ್ಮೆ, ಒಂದು ಗಂಟೆಯ ಮೇಲೆ ಮತ್ತೊಮ್ಮೆ ಪಿಎಚ್ ಅಳೆದು ಬರೆದಿಡಬೇಕು. ಚರ್ಮ ಕೆಂಪಾಗಿದೆ ಎಂದು ಅಂಕ ಕೊಡುವಾಗ ಅದು ರಕ್ತದ ಕೆಂಪೋ ಲೇಪದ ಕೆಂಪೋ ಎಂದು ವಿವೇಚಿಸಬೇಕು.

ಉರಿಯೂತದ ಮಾದರಿಯನ್ನು ಆರಿಸುವುದು

ಹೆಚ್ಚಿನ ಕಾಲೇಜುಗಳಲ್ಲಿ ಉರಿಯೂತವೆಂದರೆ ಕ್ಯಾರಾಗೀನನ್ ಪಾದದ ಊತ. ಕೆಂಪು ಕಡಲಪಾಚಿಯಿಂದ ತೆಗೆದ ಈ ವಸ್ತುವಿನ ಶೇ 1ರ ದ್ರಾವಣವನ್ನು 0.1 ಮಿಲಿಲೀಟರ್‌ನಷ್ಟು ದೊಡ್ಡ ಇಲಿಯ ಹಿಂಗಾಲಿನ ಅಂಗಾಲಿಗೆ ಚುಚ್ಚಿ, ಊದಿದ ಪಾದದ ಗಾತ್ರವನ್ನು ಗಂಟೆಗೊಮ್ಮೆ ಅಳೆಯುತ್ತಾರೆ. 1962ರಿಂದ ಬಳಕೆಯಲ್ಲಿರುವ ಈ ವಿಧಾನ ನುಂಗುವ ಔಷಧಗಳಿಗೆ ಸೊಗಸಾಗಿ ಒಪ್ಪುತ್ತದೆ. ಚರ್ಮಕ್ಕೆ ಹಚ್ಚುವ ಮುಲಾಮಿಗೆ ನಾನು ಇದನ್ನು ಶಿಫಾರಸು ಮಾಡುವುದಿಲ್ಲ. ಊತ ಇರುವುದು ಚರ್ಮದ ಅಡಿಯಲ್ಲಿ, ಅಂಗಾಲಿನ ಚರ್ಮವೋ ದಪ್ಪ, ಸಾಲದುದಕ್ಕೆ ಇಲಿ ತನ್ನ ಪಾದವನ್ನು ನೆಕ್ಕಿಬಿಡುತ್ತದೆ. ಕೊನೆಗೆ ಸಿಕ್ಕ ಗುಣ ಹಚ್ಚಿದ ಮುಲಾಮಿನದೋ ನುಂಗಿದ ಮುಲಾಮಿನದೋ ಹೇಳಲಾಗುವುದಿಲ್ಲ.

ಹಚ್ಚುವ ಔಷಧಕ್ಕೆ ಮೊದಲ ಪರೀಕ್ಷೆಯಾಗಿ ಒಪ್ಪುವುದು ಸಣ್ಣ ಬಿಳಿ ಇಲಿಯ ಕಿವಿಯ ಊತ. ಕಿವಿಯ ಚರ್ಮ ತೆಳು, ಕೂದಲು ವಿರಳ, ತನ್ನ ಕಿವಿಯನ್ನು ತಾನೇ ನೆಕ್ಕಲು ಇಲಿಗೆ ಸಾಧ್ಯವಿಲ್ಲ. ಊತ ಬರಿಸಲು ಕ್ರೋಟನ್ ಎಣ್ಣೆಯನ್ನೋ ಅದರಿಂದ ಪ್ರತ್ಯೇಕಿಸಿದ ಟಿಪಿಎ ಎಂಬ ಸಂಯುಕ್ತವನ್ನೋ ಬಳಸುತ್ತಾರೆ. ಕ್ರೋಟನ್ ಎಂದರೆ ತೀವ್ರ ಭೇದಿಗೆ ಹೆಸರಾದ ನಮ್ಮ ಜಾಪಾಳದ ಬೀಜವೇ. ಎಣ್ಣೆಯ ಶಕ್ತಿ ಕಂತಿನಿಂದ ಕಂತಿಗೆ ಹೆಚ್ಚು ಕಡಿಮೆಯಾಗುವುದರಿಂದ ಹಣವಿದ್ದರೆ ಟಿಪಿಎಯೇ ಮೇಲು. ಸಾಮಾನ್ಯ ಪ್ರಮಾಣ ಕಿವಿಯೊಂದಕ್ಕೆ 2.5 ಮೈಕ್ರೋಗ್ರಾಂ, ಅದನ್ನು 20 ಮೈಕ್ರೋಲೀಟರ್ ಅಸಿಟೋನಿನಲ್ಲಿ ಕರಗಿಸಿ ಬಲಗಿವಿಯ ಒಳಮೈಗೆ 10, ಹೊರಮೈಗೆ 10 ಹಾಕುತ್ತಾರೆ. ಎಡಗಿವಿಗೆ ಬರಿಯ ಅಸಿಟೋನ್. ನಾಲ್ಕರಿಂದ ಆರು ಗಂಟೆಗಳಲ್ಲಿ ಊತ ಏರುತ್ತದೆ. ಟಿಪಿಎ ಕ್ಯಾನ್ಸರ್ ಗಡ್ಡೆ ಬೆಳೆಯಲು ಪ್ರೇರಣೆ ಕೊಡುವ ವಸ್ತುವಾದ್ದರಿಂದ ಕೈಗವಸು, ಕನ್ನಡಕ, ಗಾಳಿ ಹೀರುವ ಪೆಟ್ಟಿಗೆ ಇಲ್ಲದೆ ಅದನ್ನು ಮುಟ್ಟಬಾರದು.

ಈ ಮಾದರಿ ತೋರಿಸುವುದು ಕೆಲವೇ ಗಂಟೆಗಳ ತೀವ್ರ ಊತವನ್ನು ಮಾತ್ರ. ಸೋರಿಯಾಸಿಸ್‌ನಂಥ ದೀರ್ಘ ಕಾಯಿಲೆಗೆ ಹತ್ತಿರವಾದದ್ದು ಬೇಕಾದರೆ, 2009ರಲ್ಲಿ ವರದಿಯಾದ ಇಮಿಕ್ವಿಮಾಡ್ ಮಾದರಿಯಿದೆ: ದೇಹದ ರೋಗನಿರೋಧಕ ಪ್ರತಿಕ್ರಿಯೆಯನ್ನು ಕೆರಳಿಸುವ ಈ ಔಷಧದ ಶೇ 5ರ ಕ್ರೀಮನ್ನು ದಿನಕ್ಕೆ 62.5 ಮಿಲಿಗ್ರಾಂನಂತೆ ಐದಾರು ದಿನ ಬೋಳಿಸಿದ ಬೆನ್ನಿಗೆ ಹಚ್ಚಿ, ಕೆಂಪು, ಹೊಟ್ಟು, ದಪ್ಪ ಈ ಮೂರಕ್ಕೂ 0ಯಿಂದ 4ರವರೆಗೆ ಅಂಕ ಕೊಡುವುದು. ಇಲಿಗಳು ಕ್ರೀಮನ್ನು ನೆಕ್ಕಿ ತೂಕ ಕಳೆದುಕೊಳ್ಳುತ್ತವೆ. ಆದಕಾರಣ ನಿತ್ಯವೂ ತೂಗಿ, ಮೊದಲ ತೂಕದ ಐದನೆಯ ಒಂದು ಭಾಗ ಇಳಿದ ಪ್ರಾಣಿಯನ್ನು ಪ್ರಯೋಗದಿಂದ ಬಿಡಿಸಬೇಕೆಂದು ಮೊದಲೇ ಬರೆದಿಟ್ಟುಕೊಳ್ಳಬೇಕು. ಅಲರ್ಜಿಯ ಉರಿಯೂತಕ್ಕೆ ಆಕ್ಸಜೋಲೋನ್, ಡಿಎನ್‌ಎಫ್‌ಬಿ ಮೊದಲಾದ ರಾಸಾಯನಿಕಗಳನ್ನು ಬಳಸುವ ಮಾದರಿಗಳು ಬೇರೆ ಇವೆ. ಮೊದಲ ಪ್ರಬಂಧಕ್ಕೆ ಕಿವಿಯ ಊತವೇ ಸಾಕು.

ಆಧಾರ ಮುಲಾಮಿನ ಗುಂಪು

ಇಡೀ ಪ್ರಯೋಗದ ಬೆಲೆ ನಿಂತಿರುವುದು ಇಲ್ಲಿ. ಅರಿಶಿನವಿಲ್ಲದ, ಉಳಿದೆಲ್ಲದರಲ್ಲಿ ಅದೇ ಆದ ಬರಿಯ ಆಧಾರ ಮುಲಾಮನ್ನು ಹಚ್ಚಿಸಿಕೊಂಡ ಒಂದು ಗುಂಪು ಇರಲೇಬೇಕು, ಅರಿಶಿನದ ಗುಂಪುಗಳನ್ನು ಹೋಲಿಸಬೇಕಾದದ್ದು ಆ ಗುಂಪಿನೊಡನೆಯೇ. ಅನೇಕ ಪ್ರಬಂಧಗಳಲ್ಲಿ ಏನನ್ನೂ ಹಚ್ಚದ ಗುಂಪಿನೊಡನೆ ಹೋಲಿಸಿ ಶೇಕಡಾ ಇಷ್ಟು ಗುಣವೆಂದು ಸಾರುತ್ತಾರೆ. ಹಾಗೆ ಸಾರಿದ ಗುಣದಲ್ಲಿ ಎಣ್ಣೆಯದೆಷ್ಟು ಎಂದು ಓದುಗನಿಗೆ ತಿಳಿಯುವ ದಾರಿಯೇ ಇರುವುದಿಲ್ಲ.

ಆಧಾರ ಎಂದೂ ನಿಷ್ಕ್ರಿಯವಲ್ಲ. ಕೊಬ್ಬರಿ ಎಣ್ಣೆ ಚರ್ಮದ ತೇವ ಆರದಂತೆ ತಡೆಯುತ್ತದೆ, ವ್ಯಾಸಲೀನ್ ಇನ್ನೂ ಹೆಚ್ಚು. ಇಮಿಕ್ವಿಮಾಡ್ ಕ್ರೀಮಿನ ಆಧಾರದಲ್ಲಿ ಬಳಸುವ ಐಸೊಸ್ಟಿಯರಿಕ್ ಆಮ್ಲವೇ ಚರ್ಮದಲ್ಲಿ ಉರಿಯೂತವನ್ನು ಕೆರಳಿಸಬಲ್ಲದೆಂದು ಆಮೇಲಿನ ಸಂಶೋಧನೆಗಳು ತೋರಿಸಿವೆ. ಕಿವಿಯ ಮಾದರಿಯಲ್ಲಿ ಇನ್ನೂ ಸೂಕ್ಷ್ಮವಾದ ತೊಡಕೊಂದಿದೆ. ಟಿಪಿಎ ಕೊಬ್ಬಿನಲ್ಲಿ ಕರಗುವ ವಸ್ತು. ಮೊದಲೇ ಜಿಡ್ಡಿನ ಮುಲಾಮು ಹಚ್ಚಿದ ಕಿವಿಗೆ ಅದನ್ನು ಹಾಕಿದರೆ ಒಂದು ಪಾಲು ಜಿಡ್ಡಿನಲ್ಲಿಯೇ ಕರಗಿ ನಿಂತು ಚರ್ಮದೊಳಗೆ ಇಳಿಯುವುದೇ ಇಲ್ಲ. ಊತ ಕಡಿಮೆ ಬರುತ್ತದೆ, ನಾವು ಔಷಧದ ಗುಣವೆಂದು ಹಿಗ್ಗುತ್ತೇವೆ. ಇದನ್ನು ತಪ್ಪಿಸಲು ಮೊದಲು ಟಿಪಿಎ ಹಾಕಿ, ಅಸಿಟೋನ್ ಆರಿ, ಅರ್ಧ ಗಂಟೆಯಾದರೂ ಕಳೆದ ಮೇಲೆ ಮುಲಾಮು ಹಚ್ಚಬೇಕು. ಚಿಕಿತ್ಸೆಯೂ ನಿಜಜೀವನದಲ್ಲಿ ಉರಿಯೂತದ ನಂತರವೇ ಅಲ್ಲವೇ ಬರುವುದು.

ಹೀಗೆ ಆರು ಗುಂಪುಗಳಾಗುತ್ತವೆ. ಟಿಪಿಎ ಮಾತ್ರ ಹಾಕಿದ್ದು. ಟಿಪಿಎ ಮತ್ತು ಆಧಾರ. ಟಿಪಿಎ ಮತ್ತು ಶೇ 1ರ ಅರಿಶಿನ ಸಾರ. ಟಿಪಿಎ ಮತ್ತು ಶೇ 5ರ ಸಾರ. ಟಿಪಿಎ ಮತ್ತು ಬೀಟಾಮೆಥಸೋನ್ ಎಂಬ ಸ್ಟಿರಾಯ್ಡ್‌ನಂಥ ಗೊತ್ತಿರುವ ಔಷಧ. ಟಿಪಿಎ ಇಲ್ಲದೆ ಶೇ 5ರ ಸಾರ ಮಾತ್ರ. ಗೊತ್ತಿರುವ ಔಷಧಕ್ಕೆ ಅಂಗಡಿಯ ಟ್ಯೂಬನ್ನು ತರುವುದು ಸುಲಭವಾದರೂ ಅದರ ಆಧಾರ ಬೇರೆ. ಶುದ್ಧ ಔಷಧವನ್ನು ತರಿಸಿ ನಮ್ಮದೇ ಆಧಾರದಲ್ಲಿ ಶೇ 0.1ರಂತೆ ಬೆರೆಸಿಕೊಳ್ಳುವುದೇ ಸರಿ. ಈ ಗುಂಪಿನಲ್ಲೂ ಊತ ಇಳಿಯದಿದ್ದರೆ ದೋಷ ಮಾದರಿಯಲ್ಲಿದೆ, ಅಥವಾ ನಮ್ಮ ಆಧಾರ ತನ್ನೊಳಗಿನದನ್ನು ಬಿಟ್ಟುಕೊಡುತ್ತಿಲ್ಲ. ಆಗ ಅರಿಶಿನದ ಬಗೆಗೆ ಯಾವ ತೀರ್ಮಾನಕ್ಕೂ ಬರಬಾರದು. ಕೊನೆಯ ಗುಂಪು ಅನವಶ್ಯಕವೆಂದು ಬಿಡುವವರೇ ಹೆಚ್ಚು. ಬಣ್ಣದ ಲೆಕ್ಕಕ್ಕೆ ಅದು ಹೇಗೆ ಒದಗುತ್ತದೆ ಎಂಬುದು ಮುಂದೆ ತಿಳಿಯುತ್ತದೆ.

ಪ್ರಾಣಿಗಳ ಸಂಖ್ಯೆಗೆ ಒಂದು ಸರಳ ಸೂತ್ರವಿದೆ. ಎರಡು ಗುಂಪುಗಳ ನಡುವೆ ನಾವು ಗುರುತಿಸಬಯಸುವ ಕನಿಷ್ಠ ವ್ಯತ್ಯಾಸದಿಂದ ಮಾನಕ ವಿಚಲನೆಯನ್ನು (ಅಳತೆಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬುದರ ಅಂಕಿಯನ್ನು) ಭಾಗಿಸಿ, ವರ್ಗ ಮಾಡಿ, 16ರಿಂದ ಗುಣಿಸಿದರೆ, ಶೇ 80ರ ಸಾಮರ್ಥ್ಯಕ್ಕೆ, ಅಂದರೆ ನಿಜವಾದ ವ್ಯತ್ಯಾಸ ನೂರರಲ್ಲಿ ಎಂಬತ್ತು ಸಲ ಕಾಣಲು, ಗುಂಪಿಗೆ ಬೇಕಾದ ಸಂಖ್ಯೆ ಸ್ಥೂಲವಾಗಿ ದೊರೆಯುತ್ತದೆ. ವಿಚಲನೆ 3 ಮಿಲಿಗ್ರಾಂ, ಗುರುತಿಸಬೇಕಾದ ವ್ಯತ್ಯಾಸ 4 ಮಿಲಿಗ್ರಾಂ ಎಂದಿಟ್ಟುಕೊಂಡರೆ 9 ಇಲಿಗಳು ಬೇಕು. ಆರೇ ಇಟ್ಟುಕೊಂಡರೆ ನಿಜವಾದ ಗುಣವೂ ಕಣ್ಣಿಗೆ ಬೀಳದೆ ಹೋಗಬಹುದು, ಅಷ್ಟೂ ಪ್ರಾಣಿಗಳ ಜೀವ ವ್ಯರ್ಥ. ಸಂಖ್ಯೆ ತಗ್ಗಿಸುವುದೆಂದರೆ ಉತ್ತರ ಹುಟ್ಟದಷ್ಟು ತಗ್ಗಿಸುವುದಲ್ಲ ಎಂಬುದನ್ನು ಸಮಿತಿಗೆ ಬಿಡಿಸಿ ಹೇಳಿದರೆ ಅವರು ಒಪ್ಪುತ್ತಾರೆ.

ಹಳದಿ ಬಣ್ಣದ ತೊಡಕು

ಅಳೆಯುವವರಿಗೆ ಯಾವ ಇಲಿ ಯಾವ ಗುಂಪಿನದೆಂದು ತಿಳಿದಿರಬಾರದು. ತಿಳಿದಿದ್ದರೆ ಪ್ರಾಮಾಣಿಕರ ಕೈಯೂ ಗೊತ್ತಿಲ್ಲದಂತೆ ಒಂದು ಕಡೆ ವಾಲುತ್ತದೆ. ಬಿಳಿಯ ಮುಲಾಮುಗಳಿಗೆ ಸಂಕೇತಾಂಕ ಹಾಕಿದರೆ ಮುಗಿಯಿತು. ಅರಿಶಿನ ಹಚ್ಚಿದ ಕಿವಿ ಮಾತ್ರ ಬೋನಿನಾಚೆಯಿಂದಲೇ ತನ್ನ ಗುಂಪನ್ನು ಸಾರುತ್ತದೆ. ಅಲ್ಲದೆ ಹಳದಿಯ ಅಡಿಯಲ್ಲಿ ಕೆಂಪು ಮಂಕಾಗಿ ಕಾಣುವುದರಿಂದ, ಉರಿಯೂತ ಇಳಿಯದಿದ್ದರೂ ಕೆಂಪಿಗೆ ಕಡಿಮೆ ಅಂಕ ಬೀಳುತ್ತದೆ.

ಆಧಾರಕ್ಕೆ ಕೃತಕ ಹಳದಿ ಬೆರೆಸುವುದನ್ನು ಕೆಲವರು ಸೂಚಿಸುತ್ತಾರೆ. ಆ ಬಣ್ಣವೂ ಚರ್ಮದ ಮೇಲೆ ಏನಾದರೂ ಮಾಡಬಹುದಾದ್ದರಿಂದ ನನಗೆ ಅದು ಒಪ್ಪಿಗೆಯಿಲ್ಲ. ಅದರ ಬದಲು ಕೆಂಪಿನ ಅಂಕವನ್ನು ಮುಖ್ಯ ಅಳತೆಯಾಗಿ ಇಟ್ಟುಕೊಳ್ಳದೆ, ಬಣ್ಣಕ್ಕೆ ಸಂಬಂಧವಿಲ್ಲದ ತೂಕ ಮತ್ತು ದಪ್ಪವನ್ನು ಮುಖ್ಯವಾಗಿಸಬೇಕು. ಹಚ್ಚುವವರೊಬ್ಬರು, ಅಳೆಯುವವರೊಬ್ಬರು, ಲೆಕ್ಕ ಮಾಡುವವರು ಮತ್ತೊಬ್ಬರಾಗಬೇಕು. ಇನ್ನೊಂದು ಅನುಕೂಲವನ್ನು ಅರಿಶಿನವೇ ಒದಗಿಸುತ್ತದೆ: ಕರ್ಕ್ಯುಮಿನ್ ಮದ್ಯಸಾರದಲ್ಲಿ ಕರಗುತ್ತದೆ. ಅಂಗಾಂಶವನ್ನು ಸೂಕ್ಷ್ಮದರ್ಶಕದ ಗಾಜಿಗೆ ಸಿದ್ಧಪಡಿಸುವಾಗ ಮದ್ಯಸಾರದ ಹಲವು ಪಾತ್ರೆಗಳಲ್ಲಿ ಅದ್ದುವುದರಿಂದ ಹಳದಿ ಬಹುಮಟ್ಟಿಗೆ ತೊಳೆದುಹೋಗುತ್ತದೆ. ಹೀಗಾಗಿ ಗುಂಪು ತಿಳಿಯದೆ ನಡೆಯುವ ಪೂರ್ಣ ನಿಷ್ಪಕ್ಷ ಅಳತೆ ಸಾಧ್ಯವಿರುವುದು ಗಾಜಿನ ಮೇಲೆ. ಬಿಳಿ ರಕ್ತಕಣಗಳು ಎಷ್ಟು ನುಗ್ಗಿವೆ, ಒಳಚರ್ಮ ಎಷ್ಟು ಊದಿದೆ ಎಂಬುದನ್ನು ಸಂಕೇತಾಂಕ ಮಾತ್ರ ಕಂಡ ರೋಗಶಾಸ್ತ್ರಜ್ಞರಿಂದ ಎಣಿಸಿಸಬೇಕು.

ಬಣ್ಣ ಕಣ್ಣನ್ನಷ್ಟೇ ಅಲ್ಲ, ಯಂತ್ರವನ್ನೂ ಮೋಸಗೊಳಿಸುತ್ತದೆ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳ ಪ್ರಮಾಣಕ್ಕೆ ಸೂಚಕವಾದ ಮೈಲೋಪೆರಾಕ್ಸಿಡೇಸ್ ಕಿಣ್ವವನ್ನು ಬಣ್ಣದ ಪ್ರತಿಕ್ರಿಯೆಯಿಂದ 450 ಅಥವಾ 460 ನ್ಯಾನೋಮೀಟರಿನಲ್ಲಿ ಓದುವುದು ವಾಡಿಕೆ. ಕರ್ಕ್ಯುಮಿನ್ ಬೆಳಕನ್ನು ಅತಿ ಹೆಚ್ಚು ಹೀರುವುದು 425ರ ಹತ್ತಿರ. ಅದರ ಅಂಚು ನಮ್ಮ ಓದಿನ ಮೇಲೆ ಬೀಳುತ್ತದೆ. ಟಿಪಿಎ ಇಲ್ಲದೆ ಅರಿಶಿನ ಮಾತ್ರ ಹಚ್ಚಿಸಿಕೊಂಡ ಆರನೆಯ ಗುಂಪು ಇಲ್ಲಿ ಒದಗುತ್ತದೆ. ಆ ಗುಂಪಿನ ಅಂಗಾಂಶದ ಓದು ಸಹಜ ಅಂಗಾಂಶದ ಓದಿಗಿಂತ ಎಷ್ಟು ಹೆಚ್ಚಿದೆಯೋ ಅಷ್ಟು ಬಣ್ಣದ ಪಾಲು. ಇದಲ್ಲದೆ, ಟಿಪಿಎ ಮಾತ್ರ ಹಾಕಿದ ಅಂಗಾಂಶದ ದ್ರವಕ್ಕೆ ಗೊತ್ತಾದ ಪ್ರಮಾಣದ ಅರಿಶಿನ ಸಾರವನ್ನು ಕೊಳವೆಯಲ್ಲೇ ಬೆರೆಸಿ ಓದಬೇಕು. ಬೆರೆಸಿದ್ದಕ್ಕೇ ಕಿಣ್ವದ ಅಂಕಿ ಇಳಿದರೆ ಅಡ್ಡಿ ಇರುವುದು ಕೊಳವೆಯೊಳಗಿನ ಪ್ರತಿಕ್ರಿಯೆಯಲ್ಲಿ, ಉರಿಯೂತ ಇಳಿದದ್ದರಿಂದಲ್ಲ.

ಪ್ರಯೋಗದ ದಿನ

ಒಂದೇ ಬೋನಿನ ಇಲಿಗಳನ್ನೆಲ್ಲ ಒಂದೇ ಗುಂಪಿಗೆ ಹಾಕುವುದು ಕೆಲಸಕ್ಕೆ ಸಲೀಸು, ಲೆಕ್ಕಕ್ಕೆ ಕೇಡು. ಬೋನಿನ ಗುಣವೇ ಔಷಧದ ಗುಣವಾಗಿ ಕಾಣಬಹುದು. ಚೀಟಿ ಎತ್ತಿಯೋ ಗಣಕದಿಂದಲೋ ಹಂಚಬೇಕು. ಆದರೆ ಬೇರೆ ಬೇರೆ ಮುಲಾಮು ಹಚ್ಚಿಸಿಕೊಂಡ ಇಲಿಗಳು ಒಂದೇ ಬೋನಿನಲ್ಲಿದ್ದರೆ ಒಂದರ ಕಿವಿಯನ್ನು ಇನ್ನೊಂದು ನೆಕ್ಕುತ್ತದೆ. ಆದ್ದರಿಂದ ಹಚ್ಚಿದ ನಂತರದ ಕೆಲವು ಗಂಟೆಗಳ ಕಾಲ ಒಂದೊಂದನ್ನೂ ಬೇರೆ ಬೋನಿನಲ್ಲಿರಿಸಿ, ಆ ಬೋನುಗಳನ್ನು ಕಪಾಟಿನಲ್ಲಿ ಕಲಸಿ ಜೋಡಿಸಬೇಕು. ಗಂಡು ಇಲಿಗಳು ಕಾದಾಡಿ ಕಿವಿ ಕಚ್ಚಿಕೊಳ್ಳುತ್ತವೆ. ಕಚ್ಚಿದ ಗುರುತಿರುವ ಕಿವಿಯನ್ನು ಮುಲಾಮು ಹಚ್ಚುವ ಮುಂಚೆಯೇ ಬಿಟ್ಟುಬಿಡಬೇಕು, ಫಲಿತಾಂಶ ನೋಡಿದ ಮೇಲೆ ಅಲ್ಲ.

ಕಿವಿಯ ದಪ್ಪವನ್ನು ಮಿಲಿಮೀಟರಿನ ನೂರನೆಯ ಒಂದು ಭಾಗ ತೋರಿಸುವ ಗೇಜಿನಿಂದ, ಬುಡದ ಮೃದ್ವಸ್ಥಿಯನ್ನು ಬಿಟ್ಟು ತುದಿಯ ಅಂಚಿಗೆ ಹತ್ತಿರದಲ್ಲಿ, ಪ್ರತಿ ಸಲವೂ ಅದೇ ಜಾಗದಲ್ಲಿ ಅಳೆಯಬೇಕು. ಊದಿದ ಕಿವಿ ಮೆತ್ತಗಿರುತ್ತದೆ, ಗೇಜಿನ ಮೊನೆಗಳನ್ನು ತುಸು ಒತ್ತಿದರೂ ನೀರು ಪಕ್ಕಕ್ಕೆ ಸರಿದು ಅಂಕಿ ಇಳಿಯುತ್ತದೆ. ಮೊನೆ ಚರ್ಮವನ್ನು ತಾಗಿದ ಕ್ಷಣದಲ್ಲೇ ಓದಿ, ಮೂರು ಸಲ ಅಳೆದು ಮಧ್ಯದ ಅಂಕಿಯನ್ನು ಬರೆದುಕೊಳ್ಳಬೇಕು. ಎಲ್ಲ ಇಲಿಗಳನ್ನೂ ಒಬ್ಬರೇ ಅಳೆಯಬೇಕು.

ಆರನೆಯ ಗಂಟೆಗೆ, ಸಮಿತಿ ಒಪ್ಪಿದ ವಿಧಾನದಿಂದ ಇಲಿಗೆ ನೋವಿಲ್ಲದ ಮರಣ ಕೊಟ್ಟು, ಎರಡೂ ಕಿವಿಗಳಿಂದ 6 ಮಿಲಿಮೀಟರ್ ವ್ಯಾಸದ ಬಿಲ್ಲೆಗಳನ್ನು ಕತ್ತರಿಸಿ ತೆಗೆಯುತ್ತಾರೆ. ಬಿಲ್ಲೆ ತೂಗುವುದು ಕೆಲವೇ ಮಿಲಿಗ್ರಾಂ. ಮೇಲೆ ಅಂಟಿ ಉಳಿದ ಮುಲಾಮು ಆ ತೂಕಕ್ಕೆ ಸೇರಿದರೆ ಇಳಿದ ಊತವೂ ಏರಿದಂತೆ ಕಾಣುತ್ತದೆ. ಕತ್ತರಿಸುವ ಮೊದಲೇ ಒಣ ಹತ್ತಿಯಿಂದ ಎಲ್ಲ ಗುಂಪಿನ ಎಲ್ಲ ಕಿವಿಗಳನ್ನೂ, ಮುಲಾಮೇ ಹಚ್ಚದವನ್ನೂ ಸೇರಿಸಿ, ಒಂದೇ ರೀತಿ ಒರೆಸಬೇಕು. ಬಿಲ್ಲೆ ಗಾಳಿಗೆ ಬೇಗ ಒಣಗುವುದರಿಂದ ಮುಚ್ಚಳವಿರುವ ಪುಟ್ಟ ಕೊಳವೆಯಲ್ಲಿ ಹಾಕಿ ತಡಮಾಡದೆ ತೂಗಬೇಕು. ಕತ್ತರಿಸುವ ಸರದಿಯಲ್ಲಿ ಗುಂಪುಗಳು ಬೆರೆತಿರಬೇಕು. ಮೊದಲ ಗುಂಪನ್ನೆಲ್ಲ ಬೆಳಿಗ್ಗೆ, ಕೊನೆಯ ಗುಂಪನ್ನೆಲ್ಲ ಸಂಜೆ ಮುಗಿಸಿದರೆ ಗಂಟೆಗಳ ಅಂತರವೂ ಫಲಿತಾಂಶದಲ್ಲಿ ನುಸುಳುತ್ತದೆ.

ಲೆಕ್ಕ

ಪ್ರತಿ ಇಲಿಗೂ ಬಲಗಿವಿಯ ಬಿಲ್ಲೆಯ ತೂಕದಿಂದ ಎಡಗಿವಿಯದನ್ನು ಕಳೆದರೆ ಬರುವುದು ಆ ಇಲಿಯ ಊತ. ಆಧಾರದ ಗುಂಪಿನ ಸರಾಸರಿ ಊತ 10 ಮಿಲಿಗ್ರಾಂ, ಶೇ 5ರ ಅರಿಶಿನದ ಗುಂಪಿನದು 7 ಎಂದುಕೊಂಡರೆ ಅರಿಶಿನ ತಗ್ಗಿಸಿದ್ದು ಶೇ 30. ಟಿಪಿಎ ಮಾತ್ರ ಹಾಕಿದ ಗುಂಪಿನದು 14 ಆಗಿದ್ದು ಅದರೊಡನೆ ಹೋಲಿಸಿದ್ದರೆ ಶೇ 50 ಎಂದು ಬರುತ್ತಿತ್ತು. ನಡುವಿನ ಅಂತರ ಎಣ್ಣೆಯ ಕೊಡುಗೆ. ಎರಡೂ ಅಂಕಿಗಳನ್ನು ವರದಿಯಲ್ಲಿ ಕೊಡಬಹುದು, ಅರಿಶಿನದ ಹೆಸರಿಗೆ ಬರೆಯಬೇಕಾದದ್ದು ಮಾತ್ರ 30.

ಗುಂಪುಗಳ ಹೋಲಿಕೆಗೆ ಮೊದಲು ಎಲ್ಲ ಗುಂಪುಗಳ ಸರಾಸರಿಗಳನ್ನು ಒಟ್ಟಿಗೆ ಹೋಲಿಸುವ ಅನೋವಾ ಎಂಬ ಸಂಖ್ಯಾಶಾಸ್ತ್ರದ ಪರೀಕ್ಷೆ, ಅನಂತರ ಆಧಾರದ ಗುಂಪನ್ನು ಹೋಲಿಕೆಯ ನೆಲೆಯಾಗಿಟ್ಟುಕೊಂಡು ಉಳಿದ ಒಂದೊಂದು ಗುಂಪನ್ನೂ ಅದರೊಡನೆ ಹೋಲಿಸುವ ಡನೆಟ್ ಪರೀಕ್ಷೆ. ಇಮಿಕ್ವಿಮಾಡ್ ಮಾದರಿಯ 0–4ರಂಥ ಅಂಕಗಳಿಗೆ ಶ್ರೇಣಿಗಳನ್ನು ಹೋಲಿಸುವ ಕ್ರಸ್ಕಲ್–ವಾಲಿಸ್ ಪರೀಕ್ಷೆ ಒಪ್ಪುತ್ತದೆ. ಒಂದು ಇಲಿಯಿಂದ ಎರಡು ಬಿಲ್ಲೆ, ಒಂದು ಬಿಲ್ಲೆಯಿಂದ ಮೂರು ಗಾಜು, ಒಂದು ಗಾಜಿನಲ್ಲಿ ಐದು ನೋಟ ಎಣಿಸಿದರೂ ಲೆಕ್ಕಕ್ಕೆ ಅದು ಒಂದೇ ಇಲಿ; ನೋಟಗಳನ್ನೆಲ್ಲ ಬಿಡಿಬಿಡಿಯಾಗಿ ಸೇರಿಸಿ ಸಂಖ್ಯೆ ಹಿಗ್ಗಿಸುವುದು ತಪ್ಪು.

ಇಲಿಯಿಂದ ಕಾಯಿಲೆಯ ಪ್ರಾಣಿಗೆ

ಇಲಿಯ ಕಿವಿಯಲ್ಲಿ ಗುಣ ಕಂಡ ಮುಲಾಮು ನಾಯಿಯ ತುರಿಕೆಗೂ ಹಸುವಿನ ಚರ್ಮಕ್ಕೂ ಒದಗುತ್ತದೆಂದು ಹೇಳಲಾಗದು. ಅದನ್ನು ನಿಜವಾದ ರೋಗಿಗಳಲ್ಲೇ ನೋಡಬೇಕು, ಮಾಲೀಕರ ಲಿಖಿತ ಒಪ್ಪಿಗೆಯೊಂದಿಗೆ, ಪಶುವೈದ್ಯರ ಹೊಣೆಯಲ್ಲಿ. ಮೊದಲು ಚರ್ಮವನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಕಜ್ಜಿಯ ಹುಳು, ಹುಳುಕಡ್ಡಿಯ ಶಿಲೀಂಧ್ರ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಹುಳುಕಡ್ಡಿ ಮನುಷ್ಯರಿಗೂ ಹಬ್ಬುವುದರಿಂದ ಇದು ಮನೆಯವರ ಆರೋಗ್ಯದ ಪ್ರಶ್ನೆಯೂ ಹೌದು.

ಅಟೋಪಿಕ್ (ಅಲರ್ಜಿಯಿಂದ ಬರುವ) ಚರ್ಮರೋಗದ ನಾಯಿಗಳಿಗೆ ಕ್ಯಾಡೆಸಿ-04 ಎಂಬ ಅಂಕಪಟ್ಟಿಯಿದೆ: ದೇಹದ 20 ಜಾಗಗಳಲ್ಲಿ ಮೂರು ಲಕ್ಷಣಗಳಿಗೆ 0ಯಿಂದ 3ರವರೆಗೆ, ಒಟ್ಟು 180 ಅಂಕ. ತುರಿಕೆಯನ್ನು ಮಾಲೀಕರೇ 0ಯಿಂದ 10ರ ಗೆರೆಯ ಮೇಲೆ ಗುರುತಿಸುತ್ತಾರೆ. ಗಾಯದ ಸುತ್ತ ಕೂದಲು ಕತ್ತರಿಸಿ ತೊಳೆದು ಕೊರಳಿಗೆ ನೆಕ್ಕದಂತೆ ಕಾಲರ್ ಹಾಕಿದ್ದಕ್ಕೇ ಎಷ್ಟೋ ತೇವಗಾಯಗಳು ಇಳಿಯುತ್ತವೆ. ಆದ್ದರಿಂದ ಈ ಉಪಚಾರ ಅರಿಶಿನದ ಗುಂಪು, ಆಧಾರದ ಗುಂಪು ಎರಡಕ್ಕೂ ಸಮನಾಗಿ ಸಿಗಬೇಕು. ಎರಡೂ ಪಕ್ಕಗಳಲ್ಲಿ ಒಂದೇ ಬಗೆಯ ಗಾಯಗಳಿರುವ ದನದಲ್ಲಿ ಒಂದು ಪಕ್ಕಕ್ಕೆ ಅರಿಶಿನ, ಇನ್ನೊಂದಕ್ಕೆ ಆಧಾರ ಹಚ್ಚಿ ಅದರಲ್ಲಿಯೇ ಹೋಲಿಸಬಹುದು, ಯಾವ ಪಕ್ಕಕ್ಕೆ ಯಾವುದೆಂಬುದನ್ನು ಚೀಟಿ ಎತ್ತಿ ನಿರ್ಧರಿಸಬೇಕು. ಬೆಕ್ಕುಗಳ ಯಕೃತ್ತಿನಲ್ಲಿ ಫೀನಾಲ್ ಜಾತಿಯ ವಸ್ತುಗಳನ್ನು ಹೊರಹಾಕುವ ಶಕ್ತಿ ಕಡಿಮೆ, ಜೊತೆಗೆ ಅವು ಮೈಯನ್ನೆಲ್ಲ ನೆಕ್ಕಿಕೊಳ್ಳುತ್ತವೆ. ಸುಗಂಧ ತೈಲ ಸೇರಿದ ಮುಲಾಮನ್ನು ಬೆಕ್ಕಿನ ಮೇಲೆ ಪರೀಕ್ಷಿಸಲೇಬಾರದು. ಗಾಯ ಹಬ್ಬಿದರೆ, ಕೀವಾದರೆ, ಜ್ವರ ಬಂದರೆ ಕೂಡಲೇ ರೂಢಿಯ ಚಿಕಿತ್ಸೆಗೆ ಹೊರಳಿಸಿ, ಆ ಪ್ರಾಣಿಯನ್ನು ವರದಿಯಿಂದ ಮರೆಮಾಡದೆ ಅದೇ ಗುಂಪಿನ ಲೆಕ್ಕದಲ್ಲಿ ಇರಿಸಬೇಕು.

ವರದಿ ಬರೆಯುವಾಗ, ಪ್ರಾಣಿ ಪ್ರಯೋಗದ ವರದಿಯಲ್ಲಿ ಏನೇನಿರಬೇಕೆಂದು ಹೇಳುವ, 2020ರಲ್ಲಿ ಪರಿಷ್ಕರಿಸಿದ ಅರೈವ್ ಮಾರ್ಗಸೂಚಿಯ ಪಟ್ಟಿಯನ್ನು ಎದುರಿಗಿಟ್ಟುಕೊಂಡರೆ ಹಂಚಿಕೆ, ಬಿಟ್ಟ ಪ್ರಾಣಿಗಳು, ಸಂಖ್ಯೆಯ ಸಮರ್ಥನೆ ಯಾವುದೂ ಮರೆತುಹೋಗುವುದಿಲ್ಲ. ಅದರ ಜೊತೆಗೆ ಆಧಾರ ಮುಲಾಮಿನ ಪೂರ್ಣ ಪಾಕವಿಧಾನವನ್ನು ತೂಕದ ಸಮೇತ ಬರೆದು, ಆ ಗುಂಪಿನ ಸರಾಸರಿ ಮತ್ತು ವಿಚಲನೆಯನ್ನು ಕೋಷ್ಟಕದಲ್ಲಿ ಬಿಡದೆ ಕೊಡಬೇಕು. ಅರಿಶಿನ ಆಧಾರಕ್ಕಿಂತ ಹೆಚ್ಚೇನೂ ಮಾಡಲಿಲ್ಲವೆಂದು ಬಂದರೂ ಕೊಡಬೇಕು. ಅದೇ ಎಣ್ಣೆಯಲ್ಲಿ ಬೇವನ್ನೋ ಹೊಂಗೆಯನ್ನೋ ಪರೀಕ್ಷಿಸಲು ಹೊರಡುವ ಮುಂದಿನ ವಿದ್ಯಾರ್ಥಿ ತನಗೆ ಎಷ್ಟು ಇಲಿಗಳು ಬೇಕೆಂದು ಲೆಕ್ಕಹಾಕುವುದು ಆ ಎರಡು ಅಂಕಿಗಳಿಂದಲೇ.